ತಬಲಾದ ಬೆನ್ನು ಹತ್ತದ ಬೆರಳು

ಸಹನಾ, ಹೋದ ದೀಪಾವಳಿಗೆ ಬಂದಾಗ ನೀನು ಆ ದಪ್ಪ ತಂತಿಯ ಗಿಟಾರನ್ನು ನನ್ನ ತೊಡೆಯ ಮೇಲೆ ಇಟ್ಟೆಯಲ್ಲ, ಅಂದಿನಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಿದ್ದೇನೆ. ಬೇಸ್ ಗಿಟಾರ್ ಅಂತ ಅದರ ಹೆಸರು ಹೇಳಿದೆ. ನಾಲ್ಕೇ ತಂತಿ. ಎಲ್ಲಕ್ಕಿಂತ ದಪ್ಪ ತಂತಿಯ ಮೇಲೆ ನಾನು ತೋರುಬೆರಳು ಜಾರಿಸಿದೆ. ಕರೆಂಟಿಗೆ ಜೋಡಿಸಿರಲಿಲ್ಲ, ಆದರೂ ಅದರ ನಡುಕ ನನ್ನ ಹೊಟ್ಟೆಗೆ ತಾಗಿತು. ಎಷ್ಟೋ ವರ್ಷಗಳ ಮೇಲೆ ಗುರುತಿನವರೊಬ್ಬರು ಬಾಗಿಲಿಗೆ ಬಂದ ಹಾಗಾಯಿತು.

"ಡ್ರಮ್ ಬಾರಸೋ ಹುಡುಗ ಜೋರ ಮಾಡಿದ್ರ ನನ್ನ ಬೆರಳು ಅವನ ಬೆನ್ನ ಹತ್ತಿ ಓಡಿಹೋಗ್ತಾವ ಅಜ್ಜೀ" ಎಂದು ನೀನು ಅಂದೆ. ನಾನು ನಕ್ಕು ಸುಮ್ಮನಾದೆ. ಎದುರಿಗೆ ಜನ ಇದ್ದರೆ ನನಗೆ ಮಾತು ಬರುವುದಿಲ್ಲ, ಮೊಮ್ಮಕ್ಕಳಾದರೂ ಅಷ್ಟೇ. ಅದಕ್ಕೆ ಈಗ ಒಬ್ಬಳೇ ಕೂತು ಬರೆಯುತ್ತಿದ್ದೇನೆ. ನಿನ್ನ ತಮ್ಮನೂ ಓದಲಿ.

ಮೊದಲು ಒಂದು ಮಾತು ಸರಿಮಾಡಬೇಕು. ನಮ್ಮಜ್ಜಿ ಹಾಡುತ್ತಿದ್ದರು ಎಂದು ನೀನು ಗೆಳತಿಯರ ಮುಂದೆ ಹೇಳಿದ್ದೀಯಂತೆ. ನಾನು ಹಾಡಿದವಳಲ್ಲ. ಮಾಳಮಡ್ಡಿಯ ಒಂದು ಸಂಗೀತ ಶಾಲೆಯಲ್ಲಿ ತಂಬೂರಿ ನುಡಿಸುವ ಕೆಲಸಕ್ಕಿದ್ದೆ. ಕೂದಲು ಬೆಳ್ಳಗಾಗುವವರೆಗೆ ಅದೊಂದೇ ಕೆಲಸ ಮಾಡಿದೆ. ಹಾಡುವವರು ಮುಂದೆ ಕೂಡುತ್ತಾರೆ, ತಬಲಾದವರು ಅವರ ಬಲಕ್ಕೆ, ನಾನು ಬೆನ್ನ ಹಿಂದೆ. ಆ ಕೆಲಸ ನನಗೆ ಹೇಗೆ ಸಿಕ್ಕಿತು, ಸಿಕ್ಕ ಮೇಲೆ ಹೇಗೆ ಉಳಿಯಿತು ಎನ್ನುವುದನ್ನಷ್ಟೇ ಹೇಳುತ್ತೇನೆ.

ನಿಮ್ಮ ಅಜ್ಜ ವಿಷಮಜ್ವರದಲ್ಲಿ ತೀರಿಕೊಂಡಾಗ ನಿಮ್ಮವ್ವ ಸರೋಜಾ ಇನ್ನೂ ಸಾಲಿಗೆ ಹೋಗುವ ವಯಸ್ಸಿನವಳಲ್ಲ. ನವಲಗುಂದದ ಕಡೆಯ ನಮ್ಮೂರಲ್ಲಿ ಹೊಲ ಇತ್ತು, ಎತ್ತು ಇದ್ದವು, ಊಟಕ್ಕೆ ಯಾವ ಕೊರತೆಯೂ ಇರಲಿಲ್ಲ. ಆದರೆ ನಾಲ್ಕನೆಯ ಇಯತ್ತೆಯ ಮೇಲೆ ಹೆಣ್ಣುಮಕ್ಕಳನ್ನು ಓದಿಸುವ ರೂಢಿ ಆ ಊರಲ್ಲಿ ಇರಲಿಲ್ಲ. ನಾನೂ ಅಲ್ಲಿಗೇ ನಿಲ್ಲಿಸಿದವಳು. ಮಗಳು ಅಲ್ಲಿಗೆ ನಿಲ್ಲಬಾರದು ಎಂದು ನನ್ನ ಮನಸ್ಸಿನಲ್ಲಿತ್ತು. ಧಾರವಾಡದಲ್ಲಿ ನನ್ನ ಅಣ್ಣ ಸಾಲಿ ಮಾಸ್ತರ. ಒಂದಷ್ಟು ದಿನ ಇದ್ದು ಬರುತ್ತೇನೆ ಎಂದು ಹೇಳಿ ಮಾಳಮಡ್ಡಿಯ ಅವನ ಮನೆಗೆ ಬಂದೆ. ರಾಜ್ಯವೆಲ್ಲ ಒಂದಾಗಿ ಒಂದೆರಡು ವರ್ಷ ಕಳೆದಿತ್ತು. ಸರೋಜಾಳನ್ನು ಒಂದನೆಯ ಇಯತ್ತೆಗೆ ಹಾಕಿದೆವು. ನಾನು ವಾಪಸು ಹೋಗುವ ಮಾತೆತ್ತಲಿಲ್ಲ.

ಅಣ್ಣನ ಮನೆಯ ಬೆನ್ನಿಗೇ ಸಂಗೀತ ಶಾಲೆ ಇತ್ತು. ಶಾಲೆ ಅಂದರೆ ಹೆಂಚಿನ ಮನೆಯ ಒಂದು ಉದ್ದ ಪಡಸಾಲೆ. ಅದನ್ನು ನಡೆಸುವವರು, ಕಲಿಸುವವರು ಗುರುಪಾದಪ್ಪ ಮಾಸ್ತರು. ಬಿಳಿ ಧೋತರ, ಕರಿ ಟೊಪ್ಪಿಗೆ, ಸಿಟ್ಟು ಬಂದರೆ ದನಿ ಏರಿಸದೆ ಇಳಿಸುವವರು. ಅವರಿಗೆ ಒಂದೇ ತಾಪತ್ರಯ. ತಂಬೂರಿ ಹಿಡಿಯಲು ಅವರು ವಿದ್ಯಾರ್ಥಿಗಳನ್ನೇ ಪಾಳಿಯಂತೆ ಕೂಡಿಸುತ್ತಿದ್ದರು. ಪ್ರತಿಯೊಬ್ಬರಿಗೂ ತಾನು ಯಾವಾಗ ಮುಂದೆ ಕೂತು ಹಾಡುತ್ತೇನೋ ಎಂಬ ಅವಸರ. ಹಿಂದೆ ಕೂತವರೂ ಗುಣುಗುಣು ಅನ್ನುತ್ತಿದ್ದರು, ತಾನ ಬಂದಾಗ ಕೈ ಬಿಟ್ಟು ತಲೆ ಅಲ್ಲಾಡಿಸುತ್ತಿದ್ದರು. ಮಾಸ್ತರು ಇದನ್ನು ನಮ್ಮ ಅತ್ತಿಗೆಯ ಮುಂದೆ ತೋಡಿಕೊಂಡಾಗ ಅವಳು ನನ್ನನ್ನು ಮುಂದೆ ದೂಡಿದಳು.

"ಹಾಡ್ತೀಯೇನವಾ?" ಎಂದು ಮಾಸ್ತರು ಕೇಳಿದರು.

"ಇಲ್ರಿ."

"ಕಲೀಬೇಕಂತ ಆಸೆ ಅದ ಏನು?"

"ಇಲ್ರಿ."

"ಖರೇ ಹೇಳು."

"ಖರೇನ ಇಲ್ರಿ. ನಾಲ್ಕ ಮಂದಿ ಮುಂದ ಬಾಯಿ ತಗದ್ರ ನನಗ ದನಿನ ಹೊಂಡಂಗಿಲ್ರಿ."

ಅವರ ಮುಖ ಅರಳಿತು. ಅಷ್ಟು ವರ್ಷ ಹುಡುಕುತ್ತಿದ್ದವಳು ಸಿಕ್ಕಿದಳು ಎಂಬಂತೆ "ಹಂಗಾರ ನಾಳಿಂದ ಬಾರವಾ" ಎಂದರು.

ನನ್ನ ಇಡೀ ನೌಕರಿಯ ಸಂದರ್ಶನ ಅಷ್ಟೇ.

ತಂಬೂರಿಯಲ್ಲಿ ನಾಲ್ಕು ತಂತಿ. ಮೊದಲಿನದು ಪಂಚಮ, ಅದನ್ನು ನಡುಬೆರಳಿನಿಂದ ಮೀಟಬೇಕು. ಆಮೇಲೆ ಷಡ್ಜದ ಎರಡು ತಂತಿ, ಅವಕ್ಕೆ ಜೋಡಿ ಎನ್ನುತ್ತಾರೆ, ಕೊನೆಗೆ ಖರ್ಜ. ಈ ಮೂರಕ್ಕೂ ತೋರುಬೆರಳು. ಖರ್ಜ ಅಂದರೆ ಎಲ್ಲಕ್ಕಿಂತ ಕೆಳಗಿನ ಷಡ್ಜ, ಹಿತ್ತಾಳೆಯ ದಪ್ಪ ತಂತಿ, ನಿನ್ನ ಗಿಟಾರಿನ ದಪ್ಪ ತಂತಿಯ ಅಕ್ಕ ಇದ್ದ ಹಾಗೆ. ಮಾಸ್ತರು ಮೊದಲು ನನಗೆ ಅದೊಂದನ್ನೇ ಕೊಟ್ಟರು. ಬೆಳಿಗ್ಗೆ ಮಗಳನ್ನು ಸಾಲಿಗೆ ಬಿಟ್ಟು ಬಂದು ಪಡಸಾಲೆಯ ಮೂಲೆಯಲ್ಲಿ ಕೂಡುವುದು. ಖರ್ಜವನ್ನು ಒಂದು ಸಲ ಮೀಟುವುದು. ದನಿ ಪೂರ್ತಿ ಆರಿಹೋಗುವವರೆಗೆ ಕೇಳುವುದು. ಆರಿದೆ ಅನಿಸಿದ ಮೇಲೆ ಮತ್ತೊಂದು ಸಲ. ಬೇರೆ ಮೂರು ತಂತಿಗಳನ್ನು ಮುಟ್ಟುವ ಹಾಗೇ ಇಲ್ಲ.

ಮೊದಲ ವಾರ ನನಗೆ ಇದೇನು ಕೆಲಸ ಅನಿಸಿತು. ಮೀಟಿದ ಕೂಡಲೇ ದನಿ ಬರುತ್ತದೆ, ಹೋಗುತ್ತದೆ, ಅದರಲ್ಲಿ ಕೇಳುವುದೇನಿದೆ? ಆಮೇಲಾಮೇಲೆ ದನಿ ಹೋಗಲು ಹೊತ್ತು ಹಿಡಿಯುತ್ತದೆ ಎಂದು ತಿಳಿಯಿತು. ಅದು ಒಮ್ಮೆಗೇ ಹೋಗುವುದಿಲ್ಲ. ಮೊದಲು ತುಂಬಿಕೊಂಡು ಬರುತ್ತದೆ, ನಂತರ ಒಳಗಿನಿಂದ ಬೇರೆ ಸಣ್ಣ ದನಿಗಳು ಒಂದೊಂದಾಗಿ ಕಾಣಿಸುತ್ತವೆ, ಕೊನೆಗೆ ಒಂದು ಎಳೆ ಉಳಿಯುತ್ತದೆ. ನಾನು ಆರಿತು ಎಂದುಕೊಂಡ ಮೇಲೂ ತಂಬೂರಿಯ ಬುರುಡೆಗೆ ಕಿವಿ ಹಚ್ಚಿದರೆ ಆ ಎಳೆ ಇರುತ್ತಿತ್ತು.

ಮೀಟುವುದನ್ನೂ ಕಲಿಯಬೇಕಿತ್ತು. ನಾನು ಭಾವಿಯಿಂದ ನೀರು ಸೇದುವ ಕೈಯವಳು, ತಂತಿಯನ್ನೂ ಹಗ್ಗದಂತೆ ಜಗ್ಗಿದೆ. ತಂಬೂರಿ ಝಣ್ ಎಂದು ಒದರಿತು.

"ಜಗ್ಗಬ್ಯಾಡ" ಎಂದರು ಮಾಸ್ತರು. "ಬೆರಳು ತಂತಿ ಮ್ಯಾಲೆ ಮಲಗಲಿ, ಆಮ್ಯಾಲ ಜಾರಲಿ. ಕೂಸಿಗೆ ಎರೆಯೂ ಮುಂದ ಅದರ ಕಣ್ಣಿನ ರೆಪ್ಪಿ ಮ್ಯಾಲಿನ ಎಣ್ಣಿ ಒರಸ್ತೀಯಲ್ಲ, ಹಂಗ."

ಇದು ನನಗೆ ತಿಳಿಯಿತು. ಕೂಸಿಗೆ ಎರೆದವಳಿಗೆ ಬೇರೆ ಹೇಳಬೇಕೆ? ಉಗುರು ತಾಗಬಾರದು, ಬೆರಳ ತುದಿಯೂ ಅಲ್ಲ, ಅದರ ಪಕ್ಕದ ಮೆತ್ತನೆಯ ಭಾಗ ತಂತಿಯ ಉದ್ದಕ್ಕೆ ಒರಗಿ ಜಾರಬೇಕು. ನೀನೂ ಹೀಗೆ ಮಾಡಿ ನೋಡು. ನಿನ್ನ ವಾದ್ಯದಲ್ಲಿ ಇದು ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಜಗ್ಗಿದ ತಂತಿಗೂ ಜಾರಿಸಿದ ತಂತಿಗೂ ದನಿಯಲ್ಲಿ ಇರುವ ಅಂತರ ನಿನಗೂ ಕೇಳಿಸುತ್ತದೆ.

ಬೆರಳ ಪಕ್ಕದ ಎಳೆಯ ಚರ್ಮ, ಒರಟು ಹಿತ್ತಾಳೆ. ತೋರುಬೆರಳಿಗೆ ಗುಳ್ಳೆ ಬಂತು. ನಾನು ಯಾರಿಗೂ ಹೇಳದೆ ಕೊಬ್ಬರಿ ಎಣ್ಣೆ ಸವರಿಕೊಂಡು ಹೋದೆ. ಬೆರಳಿಗೆ ಆರಾಮ ಅನಿಸಿತು, ಖರ್ಜ ಮಾತ್ರ ದಿನೇ ದಿನೇ ಮಂಕಾಗುತ್ತ ಹೋಯಿತು. ಮಾಸ್ತರು ಬುರುಡೆ ತಟ್ಟಿ ನೋಡಿದರು, ದನಿ ತುಂಬಲೆಂದು ತಂತಿಯ ಕೆಳಗೆ ಇಡುವ ಜವಾರಿಯ ದಾರ ಸರಿಸಿ ನೋಡಿದರು. ಕೊನೆಗೆ ತಂತಿಯ ಮೇಲೆ ಬೆರಳಾಡಿಸಿ, ಮೂಗಿನ ಹತ್ತಿರ ಹಿಡಿದರು.

"ನೀಲವ್ವಾ, ತಂಬೂರಿಗೆ ತಲಿ ಬಾಚಿ ಹೆರಳ ಹಾಕೂದೂ ಐತೇನು?" ಎಂದವರು ತಬಲಾದ ಹುಸೇನಸಾಬರು. ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ನಾನು ನೆಲ ನೋಡುತ್ತ ನಿಂತೆ. ಮಾಸ್ತರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ತಂತಿ ಬದಲಿಸಿ, "ಎಣ್ಣಿ ಬ್ಯಾಡ. ಮೂರ ದಿನ ಬ್ಯಾರೆ ಬೆರಳಿಲೆ ಮೀಟು, ಗುಳ್ಳಿ ಒಣಗಲಿ. ಒಣಗಿದ ಮ್ಯಾಲ ಅಲ್ಲೇ ಗಟ್ಟಿ ಆಗ್ತದ" ಎಂದರು. ನಿನ್ನ ಬೆರಳಿಗೂ ಗುಳ್ಳೆ ಬಂದಿತ್ತಲ್ಲ, ನೀನು ಯಾವುದೋ ಕ್ರೀಮು ಹಚ್ಚುತ್ತಿದ್ದೆ. ಬಾರಿಸುವ ಮುಂಚೆ ಹಚ್ಚಬೇಡ.

ನಾಲ್ಕೂ ತಂತಿ ಕೈಗೆ ಬಂದ ಮೇಲೆ ಮಾಸ್ತರು ಬೇರೊಂದು ಅಭ್ಯಾಸ ಹಚ್ಚಿದರು. ನಾನು ನುಡಿಸುತ್ತಿರಬೇಕು, ಅವರು ಏನಾದರೂ ಕೇಳುತ್ತಾರೆ, ಕೈ ನಿಲ್ಲಿಸದೆ ಉತ್ತರ ಕೊಡಬೇಕು.

"ಇವತ್ತ ಏನ ಪಲ್ಯ ಮಾಡೀರಿ?"

ನನಗೆ ಬಾಯಿಯಿಂದ ಮಾತು ಹೊರಡಿಸುವುದೇ ಕಷ್ಟ. ಬೆರಳು ನಿಲ್ಲಿಸಿ ಯೋಚಿಸಿ ಹೇಳಿದೆ: "ಬದನಿಕಾಯಿರಿ."

"ತಂಬೂರಿ ಯಾಕ ನಿಂತಿತು? ಬದನಿಕಾಯಿಗೆ ಅಂಜಿತೇನು?"

ಮತ್ತೆ ಹಚ್ಚಿಕೊಂಡೆ. ಮಾಸ್ತರು ಬಿಡಲಿಲ್ಲ. "ಎಣ್ಣಿಗಾಯಿನೋ, ಬರೇ ಪಲ್ಯಾನೋ?"

"ಎಣ್ಣಿ... ಎಣ್ಣಿಗಾಯಿರಿ." ಈ ಸಲ ಕೈ ನಿಲ್ಲಲಿಲ್ಲ, ಆದರೆ ಒಂದೊಂದು ಅಕ್ಷರಕ್ಕೆ ಒಂದೊಂದು ತಂತಿ ಬಿತ್ತು. ಹುಸೇನಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ದಿನವೂ ಹೀಗೆ. ಅಣ್ಣನ ಮಕ್ಕಳ ಹೆಸರು, ಬೀದಿಯ ಸುದ್ದಿ, ಮಾರ್ಕೆಟ್ಟಿನಲ್ಲಿ ಮೆಂತ್ಯದ ಸೊಪ್ಪು ಬಂದಿದೆಯೋ ಇಲ್ಲವೋ. ಬರಬರುತ್ತ ಬೆರಳು ಒಂದು ದಾರಿ, ಬಾಯಿ ಒಂದು ದಾರಿ ಹಿಡಿದವು. ಅಷ್ಟು ಮಾತು ನಾನು ಹುಟ್ಟಿದಂದಿನಿಂದ ಯಾರ ಜೊತೆಗೂ ಆಡಿರಲಿಲ್ಲ.

ಈ ನಡುವೆ ಊರಿನಿಂದ ನಮ್ಮ ಭಾವ ರುದ್ರಪ್ಪನವರು ಬಂದರು. ನಿಮ್ಮ ಅಜ್ಜನ ಅಣ್ಣ, ಮನೆಯ ಹಿರಿಯರು, ಹತ್ತಿಯ ವ್ಯಾಪಾರ. ಆ ಕಾಲದಲ್ಲಿ ನಮ್ಮ ಮನೆತನದಲ್ಲಿ ಸೊಸೆಯಾದವಳು ಗಂಡನ ಅಣ್ಣನ ಎದುರಿಗೆ ನಿಂತು ಮಾತಾಡುತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ನಿಲ್ಲಬೇಕು, ನಡುವೆ ಒಂದು ಮಗು ಇರಬೇಕು, ಇಬ್ಬರೂ ಆ ಮಗುವಿಗೆ ಹೇಳಬೇಕು. ಇಬ್ಬರಿಗೂ ಎಲ್ಲ ಕೇಳಿಸುತ್ತಿರುತ್ತದೆ, ಆದರೂ ಹಾಗೆಯೇ. ಅಂದು ನಡುವೆ ನಿಂತವಳು ಸರೋಜಾ.

"ನಿಮ್ಮವ್ವಗ ಕೇಳವಾ, ಊರಿಗೆ ಯಾವಾಗ ಬರ್ತಾಳಂತ."

"ಅವ್ವಾ, ದೊಡ್ಡಪ್ಪ ಕೇಳಾಕತ್ತಾನ, ಊರಿಗೆ ಯಾವಾಗ ಬರ್ತಿ?"

"ನಿನ್ನ ಸಾಲಿ ಐತೆಲ್ಲ, ಅಂತ ಹೇಳು" ಎಂದೆ ಮೆಲ್ಲಗೆ.

"ನನ್ನ ಸಾಲಿ ಐತಿ, ನಾವು ಬರಂಗಿಲ್ಲಂತ" ಎಂದಳು ನಿಮ್ಮವ್ವ. ನಾನು ಹೇಳದ ಅರ್ಧವನ್ನು ತಾನೇ ಸೇರಿಸಿದ್ದಳು.

ಭಾವ ಕೆಟ್ಟವರಲ್ಲ. ದನಿ ತಗ್ಗಿಸಿ ಹೇಳಿದರು: "ಸರೋಜಾ, ನಿಮ್ಮವ್ವಗ ಹೇಳು. ನಮ್ಮ ತಮ್ಮ ಹೋದಾನಂತ ನಾವೇನು ಹೋಗಿಲ್ಲ. ಎರಡ ರೊಟ್ಟಿ ನಮ್ಮನ್ಯಾಗ ಹೆಚ್ಚಾಗಂಗಿಲ್ಲ. ಆದರ ನಮ್ಮ ಮನಿ ಸೊಸಿ ಹಾಡೂ ಮಂದಿ ಸಂಗಾಟ ಕುಂಡರ್ತಾಳಂತ ಊರಾಗ ಮಾತಾಡಾಕತ್ತಾರ. ನನಗ ತಡಕೊಳ್ಳಾಕ ಆಗವಲ್ದು."

ಅತ್ತಿಗೆ ನಡುವೆ ಬಂದು, ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಶಾಲೆಯವರ ಹಾಡಿನ ಬೈಠಕ್ ಇದೆ, ನೀಲವ್ವ ಅಲ್ಲಿ ತಂಬೂರಿಗೆ ಕೂಡುತ್ತಾಳೆ, ನೀವೇ ಬಂದು ನೋಡಿರಿ ಎಂದಳು. ಭಾವನಿಗೂ ಹೇಗೂ ಹತ್ತಿ ಮಾರಲು ಹುಬ್ಬಳ್ಳಿಗೆ ಬರುವುದಿತ್ತು.

"ಆಗಲಿ. ಕಣ್ಣಿಲೆ ನೋಡ್ತೀನಿ. ನೋಡಿದ ಮ್ಯಾಲ ಮನಸ್ಸಿಗೆ ಸರಿ ಕಾಣಲಿಲ್ಲಂದ್ರ ಅವತ್ತ ಸಂಜೀಕ ತಾಯಿ ಮಗಳನ ಗಾಡ್ಯಾಗ ಕುಂಡ್ರಿಸಿಕೊಂಡು ಹೋಗಾಂವ" ಎಂದು ಎದ್ದರು.

ಸರೋಜಾ ನನ್ನ ಕಡೆ ತಿರುಗಿ, "ಅವ್ವಾ, ಇದನ್ನೂ ಹೇಳಬೇಕೇನ?" ಎಂದು ಕೇಳಿದಳು.

ನನಗೆ ಬೈಠಕ್ ಎಂದರೆ ಹೆದರಿಕೆ ಇರಲಿಲ್ಲ. ಎಂದಿನಂತೆ ಬೆನ್ನ ಹಿಂದೆ ಕೂಡುವುದು ತಾನೆ ಎಂದುಕೊಂಡಿದ್ದೆ. ಹಾಡುವವರು ಸುಶೀಲಾಬಾಯಿ, ಮಾಸ್ತರ ಹಿರಿಯ ಶಿಷ್ಯೆ. ಒಳ್ಳೆಯ ಹೆಂಗಸು, ನಾಲಿಗೆ ಮಾತ್ರ ಹರಿತ. ಅವರ ಜೊತೆ ತಾಲೀಮಿಗೆ ಕೂತ ದಿನವೇ ನನ್ನ ಕೈ ಕೆಟ್ಟಿತು.

ಅಲ್ಲಿಯವರೆಗೆ ನಾನು ನುಡಿಸಿದ್ದೆಲ್ಲ ಮಕ್ಕಳ ಪಾಠಕ್ಕೆ, ನಿಧಾನವಾದ ಸರಿಗಮಕ್ಕೆ. ಸುಶೀಲಾಬಾಯಿ ನಿಧಾನದ ವಿಲಂಬಿತ ಮುಗಿಸಿ ಜೋರಿನ ದ್ರುತ್ ಎತ್ತಿಕೊಂಡರು. ಹುಸೇನಸಾಬರ ಕೈ ಕುಣಿಯಹತ್ತಿತು. ನನಗೇ ತಿಳಿಯದ ಹಾಗೆ ನನ್ನ ಬೆರಳೂ ಅದರ ಬೆನ್ನು ಹತ್ತಿತು. ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬಂದಾಗಲೆಲ್ಲ ನನ್ನ ಖರ್ಜ ಅವರ ಎಡಗೈಯ ಡಗ್ಗಾದ ಪೆಟ್ಟಿನ ಮೇಲೇ ಬೀಳತೊಡಗಿತು. ನನಗೆ ಅದು ಬಹಳ ಚೆಂದ ಅನಿಸುತ್ತಿತ್ತು, ನಾನೂ ಅವರ ಮೇಳದಲ್ಲಿ ಸೇರಿದೆ ಎಂದು ಹಿಗ್ಗುತ್ತಿದ್ದೆ.

ಸುಶೀಲಾಬಾಯಿ ಹಾಡು ನಿಲ್ಲಿಸಿ ಪೂರ್ತಿ ತಿರುಗಿ ಕೂತರು. "ಯಾಕವಾ, ನನಗ ಒಂದ ತಬಲಾ ಸಾಲಂಗಿಲ್ಲಂತ ಮಾಸ್ತರು ಎರಡ ತರಸ್ಯಾರೇನು?"

ನನಗೆ ಏನು ತಪ್ಪಾಯಿತೆಂದೇ ಗೊತ್ತಾಗಲಿಲ್ಲ. ಮಾಸ್ತರು ಬಿಡಿಸಿ ಹೇಳಿದರು. ತಂಬೂರಿ ತಾಳಕ್ಕೆ ಸೇರಿದ್ದಲ್ಲ. ಹಾಡು ನಿಧಾನ ಇರಲಿ, ಜೋರು ಇರಲಿ, ತಂಬೂರಿಯ ನಡಿಗೆ ಒಂದೇ. ಅದು ತಾಳದ ಜೊತೆ ಓಡಿದರೆ ಹಾಡುವವರ ಕಾಲ ಕೆಳಗಿನ ನೆಲವೇ ಓಡಿದಂತೆ. ಅವರು ತಾಳವನ್ನು ಬಿಟ್ಟು ಆಡಬೇಕೆಂದರೂ ಬಿಡಲಾಗದು. ಇಷ್ಟು ಹೇಳಿ, ದನಿ ಇಳಿಸಿದರು. "ನೀಲವ್ವಾ, ಹುಬ್ಬಳ್ಳ್ಯಾಗ ಹಿಂಗಾದ್ರ ನಡಿಯಂಗಿಲ್ಲ. ಹಿಂಗ ಆಗೂದಾದ್ರ ಈ ಕೆಲಸಕ್ಕ ಬ್ಯಾರೆಯವರನ್ನ ನೋಡಬೇಕಾಗ್ತದ."

ಸಹನಾ, ಇಲ್ಲಿ ನಿನ್ನ ವಾದ್ಯಕ್ಕೂ ನನ್ನದಕ್ಕೂ ಅಂತರವಿದೆ ಎಂದು ನನಗೆ ಗೊತ್ತು. ನಿನ್ನದು ಡ್ರಮ್ಮಿನ ಜೊತೆಯೇ ನಡೆಯಬೇಕು, ನನ್ನದು ನಡೆಯಬಾರದು. ಆದರೆ ಜೊತೆಗೆ ನಡೆಯುವುದು ಬೇರೆ, ಎಳೆದುಕೊಂಡು ಹೋಗುವುದು ಬೇರೆ. ನಿನ್ನದೂ ಎಳೆತವೇ.

ಅಂದು ಎಲ್ಲರೂ ಹೋದ ಮೇಲೆ ಹುಸೇನಸಾಬರು ಹಿಂದೆ ಉಳಿದರು. "ತಪ್ಪು ನಿಂದಲ್ಲ ಬೇಟಿ, ನನ್ನ ಕೈ ಅಷ್ಟ ಛಲೋ ಐತಿ, ಏನ ಮಾಡ್ತಿ?" ಎಂದು ನಗಿಸಲು ನೋಡಿದರು. ನಾನು ನಗಲಿಲ್ಲ. ಆಗ ಕೇಳಿದರು: "ನಾ ಬಾರಸೂ ಮುಂದ ನೀ ಏನ ಮಾಡ್ತಿ?"

"ನಿಮ್ಮ ತಬಲಾ ಕೇಳಬಾರದಂತ ಹಟಾ ಹಿಡೀತೀನ್ರಿ."

"ಹಟಾ ಹಿಡದ್ರ ಮತ್ತಷ್ಟು ಕೇಳಸ್ತೈತಿ. ನನ್ನ ಬಿಡು. ನಿನ್ನ ಖರ್ಜದ ಬಾಲ ಹಿಡಿ. ಅದು ಸಣ್ಣಾಗಿ, ಇನ್ನೂ ಸಣ್ಣಾಗಿ, ಇನ್ನೇನು ಹೋತಂದಾಗ ಪಂಚಮ ಮೀಟು. ಕಿವಿ ಅಲ್ಲೇ ತುಂಬಿದ್ರ ನಾ ಎಲ್ಲಿ ಬರ್ಲಿ?"

ಅಭ್ಯಾಸಕ್ಕೆ ತಬಲಾ ಬಾರಿಸುವವರು ದಿನವೂ ಸಿಗುವುದಿಲ್ಲ. ನಮ್ಮ ಅಣ್ಣನ ಮನೆಯ ಗೋಡೆಗೆ ಗೋಡೆ ಹಚ್ಚಿ ಗಂಗವ್ವನ ಮನೆ. ಅವಳು ಬೆಳಿಗ್ಗೆ ಖಾನಾವಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು. ಅವಳ ರೊಟ್ಟಿ ಬಡಿಯುವ ಸಪ್ಪಳ ನಮ್ಮ ಓಣಿಯ ಗಡಿಯಾರ. ಆರಂಭದಲ್ಲಿ ಟಪ್ ಟಪ್ ಎಂದು ನಿಧಾನ, ರೊಟ್ಟಿ ಅಗಲವಾದಂತೆ ಕೈ ಜೋರು, ಎತ್ತಿ ಹಂಚಿಗೆ ಹಾಕುವಾಗ ಒಂದು ನಿಲುಗಡೆ, ಮತ್ತೆ ಮೊದಲಿನಿಂದ. ನಾನು ಮಾಸ್ತರನ್ನು ಕೇಳಿ ಹಳೆಯದೊಂದು ತಂಬೂರಿಯನ್ನು ಮನೆಗೆ ತಂದು, ಆ ಗೋಡೆಗೆ ಬೆನ್ನು ಕೊಟ್ಟು ಕೂತೆ.

ಮೊದಮೊದಲು ಪ್ರತಿ ರೊಟ್ಟಿಯೂ ನನ್ನ ಬೆರಳನ್ನು ಕರೆದುಕೊಂಡು ಹೋಯಿತು. ಗಂಗವ್ವನ ಕೈ ಜೋರಾದರೆ ನನ್ನದೂ ಜೋರು, ಅವಳು ನಿಂತರೆ ನಾನೂ ನಿಲ್ಲುತ್ತಿದ್ದೆ. ಗಂಗವ್ವ ಕಿಟಕಿಯಲ್ಲಿ ಇಣುಕಿ, "ಏನವಾ ನೀಲವ್ವ, ನನ್ನ ರೊಟ್ಟಿಗೂ ಹಾಡ ಕಟ್ಟೀಯೇನು?" ಎಂದಳು. ವಿಷಯ ತಿಳಿದ ಮೇಲೆ ಬೇಕೆಂದೇ ನನ್ನನ್ನು ಕೆಡಿಸಲು ನೋಡತೊಡಗಿದಳು. ಒಂದು ರೊಟ್ಟಿ ಲಗುಲಗು ಬಡಿಯುವಳು, ಇನ್ನೊಂದನ್ನು ತೂಕಡಿಸುತ್ತ ಬಡಿಯುವಳು. ನಾನು ಖರ್ಜದ ಬಾಲ ಹಿಡಿದು ಕೂಡುತ್ತಿದ್ದೆ. ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿದ್ದೆ.

ಒಂದು ಬೆಳಿಗ್ಗೆ ಗಂಗವ್ವ ಬಂದು ಬಾಗಿಲಲ್ಲಿ ನಿಂತಳು. ಕೈಗೆಲ್ಲ ಹಿಟ್ಟು. "ಯಾಕವಾ, ಆರಾಮಿಲ್ಲೇನು? ನಾ ಎಷ್ಟ ಬಡದ್ರೂ ನಿನ್ನ ತಂಬೂರಿ ತನ್ನ ಪಾಡಿಗೆ ತಾ ನಡದೈತಿ!" ಎಂದಳು. ಅವಳ ರೊಟ್ಟಿ ಅವತ್ತು ಯಾವಾಗ ಶುರುವಾಗಿ ಯಾವಾಗ ಮುಗಿಯಿತೋ ನನಗೆ ಗೊತ್ತೇ ಆಗಿರಲಿಲ್ಲ.

ನಿಮ್ಮವ್ವ ಹೇಳಿದಳು, ನೀನು ಮೊಬೈಲಿನಲ್ಲಿ ಟಿಕ್ ಟಿಕ್ ಎನ್ನುವ ಒಂದನ್ನು ಹಚ್ಚಿಕೊಂಡು ಅಭ್ಯಾಸ ಮಾಡುತ್ತೀಯೆಂದು. ಒಳ್ಳೆಯದೇ. ಆದರೆ ಅದು ಎಂದೂ ತಪ್ಪುವುದಿಲ್ಲ. ತಪ್ಪುವವರ ಪಕ್ಕದಲ್ಲಿ ಕೂತೂ ಅಭ್ಯಾಸ ಮಾಡು. ಈಗ ತಂಬೂರಿಯೂ ಮೊಬೈಲಿನಲ್ಲೇ ಬರುತ್ತದೆ. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಶಾಲೆಗೂ ಒಂದು ಕರೆಂಟಿನ ಡಬ್ಬಿ ಬಂದಿತ್ತು. ಹೊರಗೂರಿಗೆ ಹೋಗುವಾಗ ಎಷ್ಟು ಹಗುರ! ಬಸ್ಸಿನಲ್ಲಿ ತಂಬೂರಿಯನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕಂಡಕ್ಟರನ ಹತ್ತಿರ ಬೈಸಿಕೊಂಡ ನನಗೆ ಆ ಡಬ್ಬಿಯ ಮೇಲೆ ಯಾವ ಸಿಟ್ಟೂ ಇಲ್ಲ.

ಡಬ್ಬಿಗೆ ಒಂದು ಸುಖ ಇಲ್ಲ, ಜನರ ನಡುವೆ ಕೂತು ನಗುವ ಸುಖ. ಅದೇ ದಿನಗಳಲ್ಲಿ ಹೊರಗಿನಿಂದ ಒಬ್ಬ ಗಾಯಕರು ಬಂದಿದ್ದರು. ನೆಗಡಿಯಾಗಿ ದನಿ ಕೂತಿತ್ತು. ಅದನ್ನು ಒಪ್ಪದೆ ತಂಬೂರಿಯ ಮೇಲೆ ಹಾಕಿದರು. "ಶ್ರುತಿ ಏರೇದ, ಇಳಸ್ರಿ" ಎಂದರು. ಇಳಿಸಿದೆವು. "ಇನ್ನೂ ಇಳಸ್ರಿ." ಮತ್ತೆ ಇಳಿಸಿದೆವು. ತಂತಿ ಜೋತುಬಿದ್ದು ಗರಗರ ಅನ್ನತೊಡಗಿತು. ಆದರೂ "ಸ್ವಲ್ಪ ಇಳಸ್ರಿ" ಎಂದಾಗ ಹುಸೇನಸಾಬರು ಬಹಳ ವಿನಯದಿಂದ, "ಇನ್ನ ಇಳಿಸಿದ್ರ ಇದರ ಮ್ಯಾಲ ಅರಿವಿ ಒಣಗ ಹಾಕಬೇಕಾಗ್ತೈತ್ರಿ ಬುವಾ" ಎಂದರು. ಆ ಗಾಯಕರೇ ಮೊದಲು ನಕ್ಕರು, ನಗುತ್ತ ಕೆಮ್ಮಿದರು, ಶುಂಠಿ ಕಷಾಯ ತರಿಸಿ ಕುಡಿದು ಮರುದಿನ ಹಾಡಿದರು.

ಮತ್ತೆ ಮೊದಲಿನ ಮಾತಿಗೆ ಬರುತ್ತೇನೆ. ಹುಬ್ಬಳ್ಳಿಯ ಬೈಠಕ್ ಇದ್ದದ್ದು ಅರಿವೆ ವ್ಯಾಪಾರಿಯೊಬ್ಬರ ದೊಡ್ಡ ಮನೆಯಲ್ಲಿ, ರವಿವಾರ ಮಧ್ಯಾಹ್ನ. ನಾವು ಧಾರವಾಡದಿಂದ ರೈಲಿನಲ್ಲಿ ಹೋದೆವು. ಸರೋಜಾಳನ್ನೂ ಕರೆದೊಯ್ದೆ. ಭಾವ ಒಲ್ಲೆ ಅಂದರೆ ಅಲ್ಲಿಂದಲೇ ಊರಿನ ಗಾಡಿ ಹತ್ತಬೇಕಲ್ಲ. ಹಾಗಾಗಿ ಅವಳ ಎರಡು ಅಂಗಿ ಮತ್ತು ನನ್ನದೊಂದು ಸೀರೆಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಅವಳು ತನ್ನ ಸಾಲಿಯ ಪಾಟಿಯನ್ನೂ ಅದರಲ್ಲಿ ತುರುಕಿದ್ದಳು. ನಾನು ಅದನ್ನು ತೆಗೆಯಲಿಲ್ಲ, ಚೀಲದ ಬಾಯಿ ಕಟ್ಟಿದೆ.

ಜಮಖಾನ ಹಾಸಿದ ಪಡಸಾಲೆಯಲ್ಲಿ ಜನ ತುಂಬಿದ್ದರು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಸುಶೀಲಾಬಾಯಿಯ ಹಿಂದೆ ಕೂತೆ. ತಂಬೂರಿಯ ದಂಡಿಯ ಪಕ್ಕದಿಂದ ನೋಡಿದರೆ ಭಾವ ಕಂಬಕ್ಕೆ ಒರಗಿ ಕೂತಿದ್ದರು. ಹಳದಿ ರುಮಾಲು, ಮೊಳಕಾಲ ಮೇಲೆ ಕೈ. ಅವರ ಪಕ್ಕದಲ್ಲಿ ಸರೋಜಾ. ನಾನು ಬೆರಳನ್ನು ತಂತಿಯ ಮೇಲೆ ಮಲಗಿಸಿದೆ.

ಸುಶೀಲಾಬಾಯಿ ಭೀಮಪಲಾಸ ರಾಗ ತೆಗೆದುಕೊಂಡರು. ವಿಲಂಬಿತದವರೆಗೆ ನಿಭಾಯಿತು. ಹತ್ತಿಯವರು, ಅರಿವೆಯವರು, ರೈಲ್ವೆಯವರು, ಎಲ್ಲರೂ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ದ್ರುತ್ ಶುರುವಾಯಿತು. ತಬಲಾ ಒಂದೇ ಆಗಿದ್ದರೆ ನನಗೆ ಅಭ್ಯಾಸವಿತ್ತು. ಆದರೆ ಆ ಜನ ಸುಮ್ಮನೆ ಕೇಳುವವರಲ್ಲ. ಒಬ್ಬರು ತೊಡೆ ತಟ್ಟತೊಡಗಿದರು, ಅವರನ್ನು ನೋಡಿ ಇನ್ನೊಬ್ಬರು. ಸ್ವಲ್ಪ ಹೊತ್ತಿಗೆ ಇಡೀ ಪಡಸಾಲೆ ತಾಳ ಹಾಕುತ್ತಿತ್ತು. ಜಮಖಾನದ ಕೆಳಗಿನ ಹಲಗೆಯ ನೆಲ ಅದುರಿ, ಆ ಅದುರು ತಂಬೂರಿಯ ಬುರುಡೆಗೆ ಬಂದು, ಅಲ್ಲಿಂದ ನನ್ನ ತೊಡೆಗೆ ತಾಗುತ್ತಿತ್ತು. ಕಣ್ಣೆತ್ತಿದೆ. ಭಾವನ ಕೈಯೂ ಮೊಳಕಾಲ ಮೇಲೆ ಬೀಳುತ್ತಿತ್ತು. ಅವರಿಗೇ ಗೊತ್ತಿರಲಿಲ್ಲ, ತಲೆ ತೂಗುತ್ತ ತಾಳ ಹಾಕುತ್ತಿದ್ದರು. ನನ್ನನ್ನು ಒಯ್ಯಬೇಕೋ ಬೇಡವೋ ಎಂದು ಹೇಳುವ ಆ ಕೈಯ ಜೊತೆಗೆ ನನ್ನ ಬೆರಳು ಹೊರಟಿತು.

ಒಂದು ಖರ್ಜ ಸಮ್ಮಿನ ಮೇಲೆ ಬಿತ್ತು. ಮುಂದಿನದೂ ಬೀಳುವುದರಲ್ಲಿತ್ತು. ಸುಶೀಲಾಬಾಯಿಯ ಕುತ್ತಿಗೆ ಸ್ವಲ್ಪ ಬಿಗಿಯಾಯಿತು, ಹಿಂದಿನಿಂದ ನನಗೆ ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿ, ತಲೆ ಬಾಗಿಸಿ, ತಂಬೂರಿಯ ದಂಡಿಗೆ ಗಲ್ಲ ಹಚ್ಚಿದೆ. ಎಲುಬಿನಲ್ಲಿ ಖರ್ಜ ಕೇಳಿಸಿತು. ತುಂಬಿಕೊಂಡು ಬಂತು, ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಕಾದೆ. ಪಂಚಮ ಮೀಟಿದೆ. ಜೋಡಿ ಮೀಟಿದೆ. ಖರ್ಜ. ಮತ್ತೆ ಕಾದೆ. ಹೊರಗೆ ಏನು ನಡೆಯಿತೋ ನನಗೆ ತಿಳಿಯದು. ಚಪ್ಪಾಳೆ ಬಿದ್ದಾಗ ಕಣ್ಣು ತೆರೆದೆ. ಹಾಡು ಮುಗಿದಿತ್ತು, ನನ್ನ ಬೆರಳು ಇನ್ನೂ ನಡೆಯುತ್ತಿತ್ತು.

ಸುಶೀಲಾಬಾಯಿಯ ಸುತ್ತ ಜನ ಕೂಡಿದರು. ಅವರು ಎಲ್ಲರಿಗೂ ನಮಸ್ಕಾರ ಮಾಡಿದರು, ಹುಸೇನಸಾಬರನ್ನು ಹೊಗಳಿದರು. ನನ್ನ ಕಡೆ ತಿರುಗಲೂ ಇಲ್ಲ. ನಾನಿದ್ದದ್ದು ಅವರಿಗೆ ಮರೆತೇ ಹೋಗಿತ್ತು. ಮಾಸ್ತರು ಮಾತ್ರ ಹತ್ತಿರ ಬಂದು, "ಕೊನೀಗೆ ಪಂಚಮ ಕೂದಲೆಳೆ ಇಳದಿತ್ತು ನೋಡು. ಇಲ್ಲಿ ಗಾಳಿ ಬ್ಯಾರೆ. ನಾಳಿ ಲಗೂ ಬಾ, ತಂತಿ ಬದಲಾಯಿಸೋಣ" ಎಂದರು. ನಾಳೆ ಎಂದರು. ನನ್ನ ಅರ್ಧ ಭಾರ ಇಳಿಯಿತು.

ಉಳಿದರ್ಧ ಕಂಬದ ಹತ್ತಿರ ನಿಂತಿತ್ತು. ಜನ ಕರಗಿದ ಮೇಲೆ ಭಾವ ಬಂದರು, ನನ್ನಿಂದ ನಾಲ್ಕು ಮಾರು ಆಚೆಗೆ ನಿಂತರು. ಬಾಗಿಲು ಇರಲಿಲ್ಲ, ಹಾಗಾಗಿ ನಾನು ತಂಬೂರಿಯ ಮರೆಯಲ್ಲೇ ನಿಂತೆ.

"ಸರೋಜಾ, ನಿಮ್ಮವ್ವಗ ಕೇಳು. ಆಕೀ ಕೆಲಸ ಬರೇ ಇಷ್ಟನ ಏನು?"

"ಅವ್ವಾ, ನಿನ್ನ ಕೆಲಸ ಬರೇ ಇಷ್ಟನ ಏನು?"

"ಹೌದಂತ ಹೇಳು."

"ಹೌದಂತ, ಇಷ್ಟನ ಅಂತ."

ಭಾವ ರುಮಾಲು ಸರಿಮಾಡಿಕೊಂಡರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲ ಇತ್ತು. "ನಾ ಮೊದಲಿಂದ ಕೊನೀತನಕ ನೋಡಿದೆ. ಎಲ್ಲಾರೂ ಏನರ ಮಾಡಿದ್ರು. ಆ ಬಾಯಿ ಹಾಡಿದ್ಲು, ಸಾಬರು ಬಾರಿಸಿದ್ರು, ಮಂದಿ ಕುಣದ್ರು. ನಿಮ್ಮವ್ವ ಸೆರಗ ಹೊತ್ಗೊಂಡು, ಕಣ್ಣ ಮುಚ್ಚಿ, ಸುಮ್ಮನ ಕುಂತ್ಲು. ಏನೂ ಮಾಡಲಿಲ್ಲ."

ಪಕ್ಕದಲ್ಲಿ ತಬಲಾ ಕಟ್ಟುತ್ತಿದ್ದ ಹುಸೇನಸಾಬರು ತಲೆ ಎತ್ತಿದರು. ಬಾಯಿ ತೆರೆದೇ ಬಿಟ್ಟಿದ್ದರು. ನಾನು ಕಣ್ಣಿನಲ್ಲೇ ಬೇಡ ಎಂದೆ. ಅವರು ನುಂಗಿಕೊಂಡರು.

"ಏನೂ ಮಾಡದ ಕೆಲಸಕ್ಕ ಪಗಾರ ಕೊಡ್ತಾರಂದ್ರ ನನಗೇನು?" ಎಂದರು ಭಾವ. "ಇದರಾಗ ಊರವರು ಆಡಿಕೊಳ್ಳೂವಂಥಾದ್ದು ಏನೈತಿ? ಗುಡ್ಯಾಗ ಕುಂತಂಗ ಕುಂತಾಳ. ಬರೇ ಇಷ್ಟ ಆದ್ರ ಮಾಡ್ಲಿ ಬಿಡು. ಯಾರರ ಕೇಳಿದ್ರ ನಾನ ಹೇಳ್ತೀನಿ, ಕಣ್ಣಿಲೆ ನೋಡಿ ಬಂದೀನಂತ." ಜೇಬಿನಿಂದ ಪೆಪ್ಪರಮಿಂಟು ತೆಗೆದು ಸರೋಜಾಳ ಕೈಗೆ ಹಾಕಿ, ಹತ್ತಿಯ ದಲಾಲರು ಕಾಯುತ್ತಿದ್ದಾರೆ ಎಂದು ಹೊರಟುಹೋದರು.

"ಅವ್ವಾ, ನೀ ಖರೇನ ಏನೂ ಮಾಡ್ಲಿಲ್ಲೇನ?" ಎಂದಳು ನಿಮ್ಮವ್ವ, ಪೆಪ್ಪರಮಿಂಟು ಒಂದು ಗಲ್ಲದಿಂದ ಇನ್ನೊಂದು ಗಲ್ಲಕ್ಕೆ ಸರಿಸುತ್ತ.

ನಾನು ತಂಬೂರಿಗೆ ಗವಸು ಹಾಕಿ ಅದರ ಲಾಡಿ ಕಟ್ಟಲು ಹೋದೆ. ಅಷ್ಟು ಹೊತ್ತು ಮೀಟಿ ಸೆಟೆದ ಬೆರಳು ಮಡಚಲಿಲ್ಲ. ಎರಡು ಸಲ ನೋಡಿದೆ, ಲಾಡಿ ಕೈಯಿಂದ ಜಾರಿತು. ಸರೋಜಾ ನನ್ನ ಕೈ ಸರಿಸಿ, ತಾನೇ ಎರಡು ಗಂಟು ಹಾಕಿ ಬಿಗಿದಳು.

"ಲಗೂ ನಡಿಯವ್ವಾ" ಎಂದಳು. "ರೈಲು ತಪ್ಪಿದ್ರ ನಾಳೆ ಸಾಲಿ ತಪ್ಪತೈತಿ."